ನೀರು ಬಿಟ್ಟ ಉಪವಾಸ

ಬೀರು ಒರೆಸುವಾಗ ಹಳೆಯ ಕ್ಯಾಲೆಂಡರಿನ ಹಾಳೆಯೊಂದು ಸಿಕ್ಕಿತು. ಮೂರು ದಿನದ ಮನೆಗಳಲ್ಲಿ ಪೆನ್ಸಿಲಿನ ಗೀಟುಗಳು, ನಡುನಡುವೆ ಸೊನ್ನೆಗಳು. ಗೀಟು ಎಂದರೆ ಬಚ್ಚಲಿಗೆ ಹೋದದ್ದು, ಸೊನ್ನೆ ಎಂದರೆ ತಡೆಯಲಾಗದೆ ಸೀರೆ ಒದ್ದೆಯಾದದ್ದು. ಬರೆಸಿದವರು ಹಲಗೂರಿನ ನಮ್ಮ ಬೀದಿಯಲ್ಲಿ ಬಾಡಿಗೆಗಿದ್ದ ನರ್ಸಮ್ಮ.

ಎರಡನೆಯ ಹೆರಿಗೆಯ ಮೇಲೆ ನನಗೆ ಕೆಮ್ಮಿದರೆ, ಬಿಂದಿಗೆ ಎತ್ತಿದರೆ ಮೂತ್ರ ಜಿನುಗುತ್ತಿತ್ತು. ಮೈಲಿಗೆಯ ಮೈಯಲ್ಲಿ ವರ್ಷದ ಹಬ್ಬಕ್ಕೆ ಊರದೇವತೆ ಅಮ್ಮನಿಗೆ ತಂಬಿಟ್ಟಿನ ಆರತಿ ಹೊರುವುದು ಹೇಗೆ? ಸೊಂಟನೋವೆಂದು ಹೇಳಿ ನಾಲ್ಕು ವರ್ಷ ಓರಗಿತ್ತಿಯ ತಲೆಗೆ ದಾಟಿಸಿದೆ. ನೀರು ಕುಡಿಯದಿದ್ದರೆ ಸರಿಹೋದೀತೆಂದು ಸೋಮವಾರ, ಶುಕ್ರವಾರ, ಶನಿವಾರ ಉಪವಾಸ ಹಿಡಿದೆ. ಊರವರು ಭಕ್ತಿ ಎಂದರು...

ಒಂದು ದಿನ ನರ್ಸಮ್ಮ ನನ್ನ ಒಣಗಿದ ತುಟಿ ನೋಡಿದರು. "ವಾರುಕ್ಕೆ ಮೂರ್ ದಿನ ನೀರೂ ಮುಟ್ಬ್ಯಾಡ ಅಂತ ಯಾವ್ ದೇವ್ರು ಯೋಳ್ತಮ್ಮ ನಿಂಗೆ?"

ಅತ್ತು, ಎಲ್ಲ ಹೇಳಿಬಿಟ್ಟೆ.

"ಕೆಮ್ಮುದ್ರೆ ಆಯ್ತದಾ, ಇಲ್ಲಾ ಅವಸ್ರ ಬಂದು ಬಚ್ಚಲು ಮುಟ್ಟೋದ್ರೊಳ್ಗೇ ಆಯ್ತದಾ?" ಎಂದು ಕೇಳಿದರು. ಮೂರು ದಿನ ಗುರುತು ಹಾಕಿಸಿ, ಮಂಡ್ಯದ ಲೇಡಿ ಡಾಕ್ಟರ ಬಳಿ ಕರೆದೊಯ್ದರು. ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿದರು, ಕೆಮ್ಮಿಸಿ ನೋಡಿದರು. ಸೋಂಕಿಲ್ಲ, ಕೆಳಗಿನ ಮಾಂಸಖಂಡ ಸಡಿಲವಾಗಿದೆ, ವ್ಯಾಯಾಮದಿಂದ ಬಿಗಿಯಾಗಬಹುದು, ನೀರು ಬಿಡಬೇಡಿ ಎಂದರು. ಆಪರೇಷನ್ ಸದ್ಯಕ್ಕೆ ಬೇಡವೆಂದದ್ದೇ ದೇವರ ದಯೆ.

ವ್ಯಾಯಾಮ ತಿದ್ದಿದವರೂ ನರ್ಸಮ್ಮನೇ. ನಾನು ಉಸಿರು ಕಟ್ಟಿ ಹೊಟ್ಟೆ ಬಿಗಿಯುತ್ತಿದ್ದೆ.

"ಉಸ್ರು ಬುಡಮ್ಮ, ಕೆಟ್ಟೋದ್ ಬಸ್ಸು ತಳ್ತಿದ್ದೀಯಾ? ಉಚ್ಚೆ ತಡ್ಯೋ ಅಂಗೆ ಒಳಗೇ ಎಳ್ಕೊ."

ನನಗೆ ಎಣಿಕೆ ತಪ್ಪುತ್ತಿತ್ತು. ಮಾದಪ್ಪನ ಹೆಸರು ಹೇಳಿಕೊಂಡರೆ ತಪ್ಪುವುದಿಲ್ಲ, ಆದರೆ ಅಂಥ ಜಾಗಕ್ಕೆ ದೇವರ ಹೆಸರೇ ಎಂದೆ.

"ಆ ಜಾಗ ಮಾಡ್ದೋನೂ ಅವ್ನೇ ಕಣಮ್ಮ. ಎಣ್ಸು."

ಐದು ಸಲ ಹೆಸರು ಹೇಳುವಷ್ಟು ಹೊತ್ತು ಹಿಡಿಯುವುದು, ಅಷ್ಟೇ ಹೊತ್ತು ಬಿಡುವುದು. ಹೀಗೆ ಮೂರು ತಿಂಗಳು... ಅಷ್ಟರಲ್ಲಿ ಅವರಿಗೆ ವರ್ಗವಾಯಿತು.

ಆ ವರ್ಷ ಆರತಿಯನ್ನು ನಾನೇ ಹೊತ್ತೆ. ಗುಡಿಯ ಮುಂದೆ ಧೂಪದ ಹೊಗೆಗೆ ಎರಡು ಸಲ ಕೆಮ್ಮು ಬಂತು. ಸೀರೆ ಒದ್ದೆಯಾಗಲಿಲ್ಲ. ಇದನ್ನು ಅವರಿಗೆ ಹೇಳಲೆಂದೇ ಮಾರನೆಯ ದಿನ ಫೋನು ಮಾಡಿದೆ. ಪಡಸಾಲೆಯಲ್ಲಿ ಮಾವ, ಯಜಮಾನರು ಕೂತಿದ್ದರು. ನಾಚಿಕೆಯಾಗಿ, ಚೆನ್ನಾಗಿದ್ದೀನಿ ಎಂದಷ್ಟೇ ಹೇಳಿ ಇಟ್ಟೆ. ಆಮೇಲೆ ಮಾಡಿದರಾಯಿತು ಎಂದುಕೊಂಡೆ.

ನರ್ಸಮ್ಮ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಹೋದ ತಿಂಗಳು, ತಿಥಿ ಮುಗಿದ ಮೇಲೆ. ಈಗ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ಬೇಕಾದಷ್ಟಿದೆ. ಕೇಳಿಸಿಕೊಳ್ಳಲು ಅವರಿಲ್ಲ.