ಅಕ್ಕನ ಅಳತೆಯ ಬಳೆ

ಮೊದಲು ಬಂದದ್ದು ಬಿಸಿಯಾದ ಧೂಳಿನ ವಾಸನೆ. ಮಗಳು ಅಟ್ಟದಿಂದ ಹಳೆಯ ಮಾನಿಟರನ್ನು ಇಳಿಸಿ ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ಸ್ವಿಚ್ ಹಾಕಿದ್ದಳು. ಅದರ ವೈರಿನ ಸುರುಳಿ ಬಿಚ್ಚುವಾಗ ಒಂದು ಹಸಿರು ಗಾಜಿನ ಬಳೆ ಜಾರಿ ನನ್ನ ಕಾಲ ಬುಡಕ್ಕೆ ಉರುಳಿತ್ತು. ಒಡೆದಿರಲಿಲ್ಲ. ಅದು ನನ್ನ ಅಕ್ಕನದು...

ಅಕ್ಕ ಅದನ್ನು ಕೈಗೆ ಹಾಕುತ್ತಿರಲಿಲ್ಲ. ಮಾನಿಟರಿನ ಮೂಲೆಗೆ ನೇತುಹಾಕುತ್ತಿದ್ದಳು. ಕಾಗಾಲದ ನಮ್ಮ ಮನೆಯಲ್ಲೇ ಕೂತು ಕುಮಟಾದ ಒಂದು ಫ್ಲೆಕ್ಸ್ ಅಂಗಡಿಗೆ ಮದುವೆಯ ಬ್ಯಾನರ್ ಮಾಡಿಕೊಡುತ್ತಿದ್ದಳು. ಮದುಮಕ್ಕಳ ಫೋಟೋಕ್ಕೆ ಗುಂಡಗಿನ ಚೌಕಟ್ಟು ಕೊಟ್ಟು, ಬಳೆಯನ್ನು ಪರದೆಗೆ ಹಿಡಿದು ನೋಡುವಳು. ಗೆರೆ ಬಳೆಗೆ ಕೂತರೆ "ಆತು" ಎನ್ನುವಳು. ಅಂಕೆಗಳ ಗೊಡವೆ ಇಲ್ಲ, ಕಣ್ಣು ಮತ್ತು ಬಳೆ ಎರಡೇ. ಭಟ್ಕಳದಿಂದ ಸೆಕೆಂಡ್‌ಹ್ಯಾಂಡ್ ತಂದ ಆ ಚೌಕ ಮಾನಿಟರನ್ನು ದಿನವೂ ಸೆರಗಿನಲ್ಲಿ ಒರೆಸುತ್ತಿದ್ದಳು. ಬ್ಯಾನರ್ ಕಟ್ಟಿದ ದಿನ ಹೋಗಿ ದೂರ ನಿಂತು ನೋಡಿ ಬರುತ್ತಿದ್ದಳು, ತಾನು ಮಾಡಿದ್ದೆಂದು ಯಾರಿಗೂ ಹೇಳದೆ.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಲಗೇಜ್ ರಿಕ್ಷಾ ಓಡಿಸುತ್ತಿದ್ದೆ. ಸಿನಿಮಾ ಹುಚ್ಚು ಬೇರೆ. ಆ ಚೌಕ ಪರದೆಯಲ್ಲಿ ಸಿನಿಮಾ ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತಿತ್ತು. ಗೆಳೆಯನೊಬ್ಬ ರೆಸಲ್ಯೂಶನ್ ಬದಲಿಸುವುದನ್ನು ಹೇಳಿಕೊಟ್ಟಿದ್ದ. ಅಕ್ಕ ಪೇಟೆಗೆ ಹೋದ ಹೊತ್ತಿನಲ್ಲಿ ಅಗಲ ಪರದೆಯ ಅಳತೆ ಹಾಕಿದೆ. ಸಿನಿಮಾ ಪರದೆ ತುಂಬ ಬಂತು. ಜನ ಸ್ವಲ್ಪ ತೆಳ್ಳಗೆ, ಸಪೂರ ಕಂಡರು, ಅಷ್ಟೇ. ಮೊದಲಿನ ಹಾಗೆ ಮಾಡಿಡುವುದು ಮರೆತುಹೋಯಿತು. ಅಕ್ಕ ಬಂದು, ಮೇಲೆ ಗಣಪತಿ ಚಿತ್ರವಿದ್ದ ಒಂದು ಬ್ಯಾನರ್ ತೆರೆದಳು.

"ತಮಾ, ಕಂಪ್ಯೂಟರ್ ಮುಟ್ಟಿದ್ಯನಾ? ಎಲ್ಲಾ ಸಪೂರ ಕಾಣ್ತದೆ. ಗಣಪತಿ ಹೊಟ್ಟೆನೂ ಕರಗಿಹೋಗಿದೆ ಮಾರಾಯ!"

ಮುಟ್ಟಬೇಡ ಎಂದು ಎಷ್ಟೋ ಸಲ ಹೇಳಿದ್ದಳು. "ನಾ ಎಂತಕ್ಕೆ ಮುಟ್ಲಿ? ನಂಗೆ ಸರಿನೇ ಕಾಣ್ತದೆ. ನಿನ್ನ ಕಣ್ಣೇ ತೋರ್ಸ್ಬೇಕು" ಎಂದುಬಿಟ್ಟೆ.

"ಹೌದನಾ?" ಎಂದು ಕಣ್ಣು ಉಜ್ಜಿಕೊಂಡಳು. ಮಾನಿಟರಿನ ಮೂಲೆಯಿಂದ ಬಳೆ ತೆಗೆದುಕೊಂಡು ಕೆಲಸಕ್ಕೆ ಕೂತಳು.

ಅದು ಹೆಬಳೆಯ ಹುಡುಗಿಯೊಬ್ಬಳ ಮದುವೆಯ ಬ್ಯಾನರ್. ಪರದೆ ಎಲ್ಲವನ್ನೂ ಹಿಂಡಿ ತೋರಿಸುತ್ತಿತ್ತು. ಅಕ್ಕ ಫೋಟೋವನ್ನು ಅಗಲಕ್ಕೆ ಎಳೆದು ಎಳೆದು ಬಳೆಗೆ ಸರಿ ಮಾಡಿದಳು. ಅಂಗಡಿಯಲ್ಲಿ ಮದುವೆ ದಿನಗಳ ಅವಸರ, ಯಾರೂ ನೋಡದೆ ಪ್ರಿಂಟ್ ಹೊಡೆದರು. ಮದುವೆಯ ದಿನ ಧಾರೇಶ್ವರದ ಛತ್ರಕ್ಕೆ ನಾನೇ ಅವಳನ್ನು ರಿಕ್ಷಾದಲ್ಲಿ ಕರೆದುಕೊಂಡು ಹೋದೆ. ಬಾಗಿಲಲ್ಲಿ ಬ್ಯಾನರ್ ನೋಡಿ ಹುಡುಗಿಯ ಸೋದರಮಾವ ಕೂಗುತ್ತಿದ್ದ.

"ಇದು ನಮ್ಮ ಹುಡುಗಿಯನಾ, ಹಲಸಿನಹಣ್ಣನಾ? ಯಾರು ಮಾಡಿದ್ದು ಇದನ್ನ?"

ಸುತ್ತ ನಿಂತವರು ನಕ್ಕರು. ಒಳಗೆ ಹುಡುಗಿ ಅಳುತ್ತಿದ್ದಾಳೆಂದು ಯಾರೋ ಹೇಳಿದರು. ಅಕ್ಕ ಮುಂದೆ ಹೋಗಿ, "ನಾನೇ ಮಾಡಿದ್ದು" ಎಂದಳು. ನಾನು ರಿಕ್ಷಾದ ಹ್ಯಾಂಡಲ್ ಹಿಡಿದು ಕೂತೇ ಇದ್ದೆ...

ಅಲ್ಲಿಂದ ಅವಳು ಕುಮಟಾದ ಅಂಗಡಿಗೆ ಹೋದಳು. ನಾನು ನೆಟ್ಟಗೆ ಮನೆಗೆ ಬಂದು ಪರದೆಯನ್ನು ಹಳೆಯ ಅಳತೆಗೆ ತಿರುಗಿಸಿಟ್ಟೆ. ಇನ್ನು ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ಸಂಜೆ ಅಕ್ಕ ಬಂದು ಅದೇ ಬ್ಯಾನರ್ ತೆರೆದು ಬಳೆ ಹಿಡಿದಳು. ಕೂರಲಿಲ್ಲ. ಚೌಕಟ್ಟು ಎರಡೂ ಬದಿಗೆ ಬಳೆಯಿಂದ ಆಚೆ ಹೋಗಿತ್ತು.

"ಮೊನ್ನೆ ಗುಂಡಗೇ ಕಂಡಿತ್ತಲ... ನೀ ಹೇಳಿದ್ದೇ ಖರೆ ತಮಾ. ನನ್ನ ಕಣ್ಣೇ ಹಾಳಾಗಿದೆ."

ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಣ್ಣಿನ ಡಾಕ್ಟರು ಏನೂ ತೊಂದರೆ ಇಲ್ಲ ಎಂದರೂ ಅವಳು ನಂಬಲಿಲ್ಲ. "ನಾ ಕಂಡದ್ದು ಅವ್ರಿಗೆಂತ ಗೊತ್ತು?" ಎಂದಳು. ಅಂಗಡಿಯವರು ಕೆಲವು ದಿನ ಬಿಟ್ಟು ಮತ್ತೆ ಕರೆದಾಗಲೂ ಹೋಗಲಿಲ್ಲ. ಗೇರುಬೀಜದ ಕಾರ್ಖಾನೆಗೆ ಸೇರಿದಳು. ಗೇರುಸಿಪ್ಪೆಯ ಎಣ್ಣೆಗೆ ಬೆರಳ ತುದಿಗಳು ಕಪ್ಪಾದವು. ಅಂಗಳದಲ್ಲಿ ರಂಗೋಲಿ ಹಾಕಿದರೂ ಯಾರನ್ನಾದರೂ ಕರೆದು, "ಸರಿ ಬಂತನಾ?" ಎಂದು ಕೇಳತೊಡಗಿದಳು. ನನ್ನ ಮದುವೆಯ ಬ್ಯಾನರ್ ನೀನೇ ಮಾಡು ಎಂದರೆ ನಕ್ಕುಬಿಟ್ಟಳು: "ಬೇಡ್ವೋ, ನಿನ್ನ ಹೆಂಡ್ತಿ ಮುಖನೂ ಹಲಸಿನಹಣ್ಣು ಮಾಡ್ಲಾ?" ನಾನೂ ನಕ್ಕೆ. ಅವತ್ತೂ ಹೇಳಬಹುದಿತ್ತು. ಆಮೇಲೆ ಎಷ್ಟು ವರ್ಷ ಇತ್ತು... ಹೋದ ಮಳೆಗಾಲದಲ್ಲಿ ಅಕ್ಕ ತೀರಿಕೊಂಡಳು.

"ಅಪ್ಪಾ, ಇದ್ರಲ್ಲಿ ಎಲ್ಲಾ ಸಪೂರ ಕಾಣ್ತದೆ. ನಂಗೊಬ್ಳಿಗೇ ಹಿಂಗನಾ?" ಎಂದಳು ಮಗಳು.

"ನಿನ್ನ ಕಣ್ಣು ಸರಿ ಇದೆ ಮಗಾ. ಪರದೆದೇ ತಪ್ಪು" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು.

ಮೌಸ್ ತೆಗೆದುಕೊಂಡು ಅಳತೆ ಬದಲಿಸಿದೆ. ಒಂದು ವೃತ್ತ ಎಳೆಯಲು ಮಗಳಿಗೆ ಹೇಳಿ, ಬಳೆಯನ್ನು ಪರದೆಗೆ ಹಿಡಿದೆ. ಅವಳು ಗೆರೆಯನ್ನು ಸ್ವಲ್ಪ ಸ್ವಲ್ಪವೇ ಹಿಗ್ಗಿಸುತ್ತ ಬಂದಳು. ಸುತ್ತಲೂ ಕೂತಿತು. ಎಲ್ಲಿಯೂ ಒಂದು ಕೂದಲೆಳೆಯಷ್ಟೂ ಆಚೆ ಹೋಗಲಿಲ್ಲ.

"ಆತನಾ ಅಪ್ಪಾ? ಕೈ ತೆಗಿ" ಎಂದಳು. ನನಗೆ ತೆಗೆಯಲು ಆಗಲಿಲ್ಲ.