ಬೈಯುದು ನಾಳೆ

ಗಲ್ಫಿನ ಉಮ್ ಅಲ್ ಹಸ್ಸಮ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿದ್ದ ನಿವೃತ್ತ ನರ್ಸ್‌ ನಮಗೆಲ್ಲ ಅಕ್ಕ. ಊರಿನಿಂದ ಬಂದವರು ಹಂಚುವ ಮಾತ್ರೆಗಳೆಲ್ಲ ಮೊದಲು ಅವರ ಸನ್ನಿಧಾನಕ್ಕೆ ಹೋಗಬೇಕು. ಕತ್ತರಿಯಲ್ಲಿ ತುಂಡರಿಸಿ ಹೆಸರು ಕಳೆದುಕೊಂಡ ಸ್ಟ್ರಿಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಕಸದ ಬುಟ್ಟಿಗೆ ಹಾಕುತ್ತಿದ್ದರು. ತಂದವರನ್ನು ಯಾರಾದರೂ ಗದರಿದರೆ, “ಬೈಯುದು ನಾಳೆ ಮಾರಾಯ್ರೆ. ಇವತ್ತು ಬೈದ್ರೆ ಇನ್ನೊಮ್ಮೆ ಅಡಗಿಸಿಡ್ತಾರೆ” ಎನ್ನುತ್ತಿದ್ದರು.

ಒಂದು ಶುಕ್ರವಾರ ನಮ್ಮ ಸಂಘದ ಘನತೆವೆತ್ತ ಅಧ್ಯಕ್ಷರು ಮಾದಕದ್ರವ್ಯಗಳ ವಿರುದ್ಧ ಸುದೀರ್ಘವಾಗಿ ಭಾಷಣ ಮಾಡಿ, ಊಟ ಮುಗಿಸಿ, ಸೋಫಾದಲ್ಲೇ ಗೊರಕೆ ಹೊಡೆಯತೊಡಗಿದರು. ಸಭೆ ಗೌರವಪೂರ್ವಕವಾಗಿ ನಕ್ಕಿತು. ಅಕ್ಕ ಮಾತ್ರ ನಗಲಿಲ್ಲ. ಹೋಗಿ ರೆಪ್ಪೆ ಎತ್ತಿ ನೋಡಿದರು. ಕಣ್ಣಪಾಪೆ ಸಾಸಿವೆಗಿಂತ ಸಣ್ಣದಾಗಿತ್ತು, ತುಟಿ ನೀಲಿಯಾಗಿತ್ತು.

“ಆಂಬುಲೆನ್ಸ್ ಕರೀರಿ. ಏನು ನುಂಗಿದ್ದಾರೆ ಇವರು?”

“ಇವರು ಅಂಥದ್ದೆಲ್ಲ ಮುಟ್ಟುವವರೇ ಅಲ್ಲ” ಎಂದರು ಅಧ್ಯಕ್ಷರ ಹೆಂಡತಿ.

“ಬೈಯುದು ನಾಳೆ. ಈಗ ಹೇಳಿ ಅಮ್ಮ, ಉಸಿರು ನಿಲ್ತಾ ಉಂಟು.”

ಹೆಂಡತಿಯ ಪರ್ಸಿನಿಂದ ಒಂದು ತುಂಡು ಸ್ಟ್ರಿಪ್ ಹೊರಬಂತು. “ಮಾರ್ಫಿನ್... ಇವರ ಅಣ್ಣನಿಗೆ ಕ್ಯಾನ್ಸರಿಗೆ ಕೊಟ್ಟದ್ದು ಉಳಿದಿತ್ತು. ಬೆನ್ನುನೋವಿಗೆ ಆಗ್ತದೆ ಅಂತ...”

ನಾವು ಆಂಬುಲೆನ್ಸಿಗೆ ಫೋನ್ ಮಾಡಿದೆವು. ಅಕ್ಕ ಅಧ್ಯಕ್ಷರನ್ನು ನೆಲಕ್ಕೆಳೆದು ಮಲಗಿಸಿ, ತುಂಬಿದ ಸಭೆಯಲ್ಲಿ ಅವರ ಬಾಯಿಗೆ ಬಾಯಿಟ್ಟು, ಆಂಬುಲೆನ್ಸ್ ಬರುವವರೆಗೂ ತಮ್ಮ ಉಸಿರನ್ನು ತುಂಬುತ್ತಲೇ ಇದ್ದರು.

ಆಸ್ಪತ್ರೆಯಿಂದ ಬದುಕಿ ಬಂದ ಅಧ್ಯಕ್ಷರು ಹಣ್ಣಿನ ಬುಟ್ಟಿ ಹಿಡಿದು ಅಕ್ಕನ ಬಾಗಿಲು ತಟ್ಟಿದರು. ಅಕ್ಕ ಬುಟ್ಟಿ ತೆಗೆದುಕೊಂಡು, ಕುರ್ಚಿ ಎಳೆದು ಹಾಕಿದರು.

“ಕೂತ್ಕೊಳ್ಳಿ. ನಾಳೆ ಬಂತು.”