ಗಣಿತವನ್ನು ಬಿಚ್ಚಿಡುತ್ತಿದ್ದ ಹಸನಸಾಬರು

ಬಳ್ಳಾರಿ ಗಾಂಧಿನಗರದ ಕೊಟ್ರಬಸಪ್ಪನವರ ಮುದ್ರಣಾಲಯದಲ್ಲಿ ಹಸನಸಾಬರು ಇಪ್ಪತ್ತೆಂಟು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿದವರು. ಊರು ಸಿರಿಗೇರಿ. ಭಿನ್ನರಾಶಿ, ವರ್ಗಮೂಲಗಳನ್ನು ಅವರಷ್ಟು ಓರಣವಾಗಿ ಜೋಡಿಸುವವರು ಸುತ್ತಮುತ್ತ ಇರಲಿಲ್ಲ. ಕುರುಗೋಡು, ಸಿರುಗುಪ್ಪ ಕಡೆಯ ಶಾಲೆಗಳ ಗಣಿತದ ಪ್ರಶ್ನೆಪತ್ರಿಕೆಗಳು ಅದೇ ಕಾರಣಕ್ಕೆ ಅಲ್ಲಿಗೆ ಬರುತ್ತಿದ್ದವು. ಪತ್ರಿಕೆ ಬರೆದುಕೊಡುತ್ತಿದ್ದವನು ಗಣಿತದ ಮೇಷ್ಟ್ರಾದ ನಾನು.

ಕಂಪ್ಯೂಟರ್ ಬಂದಾಗ ಅವರಿಗೆ ಐವತ್ತು ದಾಟಿತ್ತು. ಕನ್ನಡ ವಾಕ್ಯಗಳನ್ನು ಒಂದು ಕಡೆ ಟೈಪು ಮಾಡಿ, ಗಣಿತ ಜೋಡಿಸುವ ಬೇರೊಂದು ತಂತ್ರಾಂಶದಲ್ಲಿ ಸೂತ್ರಗಳನ್ನು ಮಾಡಿ, ಮುದ್ರಿಸಿ, ಕತ್ತರಿಸಿ ಅಂಟಿಸುವುದನ್ನು ಮೂರು ತಿಂಗಳಲ್ಲಿ ಕಲಿತರು. ಆದರೆ ಪತ್ರಿಕೆ ಮುಗಿದ ಕೂಡಲೇ ಆ ತಂತ್ರಾಂಶವನ್ನು ಕಂಪ್ಯೂಟರಿನಿಂದ ತೆಗೆದುಬಿಡುತ್ತಿದ್ದರು. ಮುಂದಿನ ಪತ್ರಿಕೆಗೆ ಮತ್ತೆ ಸಿ.ಡಿ. ಹಾಕಿ, ಒಂದೂವರೆ ತಾಸು ಕಾದು, ಹೊಸದಾಗಿ ಸ್ಥಾಪಿಸುತ್ತಿದ್ದರು.

"ಯಾಕ್ರಿ ಸಾಬ್ರ, ಅದು ಒಳಗ ಇದ್ರ ಊಟ ಕೇಳ್ತೈತೇನು?" ಎಂದೆ ಒಮ್ಮೆ.

"ಕೆಲ್ಸ ಮುಗದ ಮ್ಯಾಲ ಮೊಳಿ ಬಿಚ್ಚಿ ಅವುರವುರ ಮನಿಗೆ ಹಾಕಬೇಕ್ರಿ ಸರ. ಇಲ್ಲಾಂದ್ರ ನಾಳಿ ಕೆಲ್ಸಕ್ಕ ಎಲ್ಲಿಂದ ತರ್ತೀರಿ?"

ಒಂದೊಂದು ಅಕ್ಷರದ ಮೊಳೆಗೂ ಪೆಟ್ಟಿಗೆಯಲ್ಲಿ ಒಂದೊಂದು ಮನೆ ಇದ್ದ ಸೀಸದ ಕಾಲದಲ್ಲಿ ಅದು ಸರಿಯಾದ ಪದ್ಧತಿಯೇ ಆಗಿತ್ತು.

೨೦೦೭ರ ಫೆಬ್ರವರಿ. ಅದಿರಿನ ಲಾರಿಗಳ ಕೆಂಪು ಧೂಳು ಮುಚ್ಚಿದ ಬಾಗಿಲನ್ನೂ ದಾಟಿ ಬರುತ್ತಿದ್ದ ವರ್ಷ. ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ಸೋಮವಾರವಿತ್ತು. ಶನಿವಾರ ಬೆಳಿಗ್ಗೆ ಸಿ.ಡಿ. ಹಾಕಿದರೆ ಕಂಪ್ಯೂಟರ್ ಅದನ್ನು ಓದಲಿಲ್ಲ. ತುಂಬ ಗೀರುಗಳಾಗಿದ್ದವು. ಹಸನಸಾಬರು ಅದನ್ನು ಒರೆಸಿದರು, ತೊಳೆದರು. ಫಲವಾಗಲಿಲ್ಲ.

ಕೊಟ್ರಬಸಪ್ಪ ಸಿಟ್ಟಾಗಲಿಲ್ಲ. "ಸಂಜಿ ಬಸ್ಸಿಗೆ ಪತ್ರಿಕಿ ಹೋಗ್ಬೇಕು, ಹಸನಸಾಬ. ಹೋಗಲಿಲ್ಲಂದ್ರ ಇನ್ಮ್ಯಾಲೆ ಈ ಕೆಲ್ಸ ಹೊಸಪೇಟಿ ಪ್ರೆಸ್ಸಿಗೆ ಹೋಗ್ತೈತಿ. ನೀನು ಬೈಂಡಿಂಗ್ ಕಡಿ ಕುಂದರಬೇಕಾಕ್ಕತಿ," ಎಂದರು.

ಹಸನಸಾಬರು ಅಟ್ಟದಿಂದ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟನ್ನು ಇಳಿಸಿದರು. ಅವುಗಳಲ್ಲಿದ್ದ ಸೂತ್ರಗಳನ್ನು ಕತ್ತರಿಸಿ, ವರ್ಗಮೂಲಗಳನ್ನು ಒಂದು ಸಾಲಿಗೆ, ಭಿನ್ನರಾಶಿಗಳನ್ನು ಇನ್ನೊಂದು ಸಾಲಿಗೆ ಹರವಿದರು. ಫ್ಯಾನು ಆರಿಸಿ, ಚೂರುಗಳನ್ನು ಚಿಮಟದಿಂದ ಎತ್ತಿ ಅಂಟಿಸತೊಡಗಿದರು. ಕರಡು ನೋಡಲು ಬಂದಿದ್ದ ನಾನು ಪಕ್ಕದಲ್ಲಿ ಕೂತೆ.

"ಸರ, ವರ್ಗಮೂಲದಾಗ ಹದಿಮೂರು ಸಿಗವಲ್ದು. ಹನ್ನೆರಡು ಮಾಡ್ರಿ."

"ಹನ್ನೆರಡಾದ್ರ ಅದನ್ನ ಮತ್ತ ಬಿಡಿಸಬೇಕಾಕ್ಕತಿ. ಹುಡುಗ್ರು ತಪ್ಪತಾರ."

"ಹಾಂಗಾರ ಹನ್ನೊಂದು ಐತಿ ನೋಡ್ರಿ."

"ನಡಿತೈತಿ. ಅಲ್ರಿ, ಈ ಪತ್ರಿಕಿ ನಾ ತಗದೀನೋ, ನೀವು ತಗದೀರೋ?"

"ಅರ್ಧಾ ಅರ್ಧಾ ಅನ್ರಿ."

ಹೀಗೆ ನಾಲ್ಕು ಪ್ರಶ್ನೆಗಳು ಬದಲಾದವು. ಮಧ್ಯಾಹ್ನ ಎರಡಕ್ಕೆ ಹಾಳೆ ಯಂತ್ರಕ್ಕೆ ಹೋಯಿತು. ಸಂಜೆ ಕಟ್ಟುಗಳು ಸಿರುಗುಪ್ಪದ ಬಸ್ಸು ಹತ್ತಿದವು. ಪರೀಕ್ಷೆ ನಡೆಯಿತು. ಯಾವ ಶಾಲೆಯಿಂದಲೂ ದೂರು ಬರಲಿಲ್ಲ.

ಮರುವಾರ ಕೊಟ್ರಬಸಪ್ಪ ಕಂಟೋನ್ಮೆಂಟಿನ ಪರಿಚಯದವರೊಬ್ಬರಿಂದ ಬೇರೆ ಸಿ.ಡಿ. ತಂದರು. ಮುಂದಿನ ಪತ್ರಿಕೆ ಮುಗಿದಾಗ ಹಸನಸಾಬರ ಕೈ ಎಂದಿನಂತೆ ತಂತ್ರಾಂಶ ತೆಗೆಯಲು ಹೋಯಿತು.

"ಮುಟ್ಟಬ್ಯಾಡ, ಇರ್ಲಿ ಬಿಡು," ಎಂದರು ಕೊಟ್ರಬಸಪ್ಪ.

"ಬ್ಯಾರೆ ಕೆಲ್ಸಕ್ಕ ಜಾಗ ಸಾಲಬೇಕಲ್ರಿ?"

"ಸಾಲ್ತೈತಿ."

ಅವರು ತೆಗೆಯಲಿಲ್ಲ. ಕೆಲಸ ಹೊಸಪೇಟೆಗೂ ಹೋಗಲಿಲ್ಲ. ಕಣ್ಣು ಮಂಜಾಗುವವರೆಗೆ, ಇನ್ನೂ ಒಂಬತ್ತು ವರ್ಷ, ಆ ಶಾಲೆಗಳ ಗಣಿತವನ್ನು ಅವರೇ ಜೋಡಿಸಿದರು. ನಡುವೆ ಒಮ್ಮೆ ಹಳೆಯ ಕಂಪ್ಯೂಟರನ್ನು ಮಾರುವಾಗ ಮಾತ್ರ ತಂತ್ರಾಂಶವನ್ನು ತೆಗೆದರು. ಅದೂ ಯಜಮಾನರನ್ನು ಎರಡು ಸಲ ಕೇಳಿ.